ಗರ್ಭಿಣಿಯರಿಗೆ ಮಕ್ಕಳಿಂದ ತಗಲುವ ವೈರಾಣು ಸೋಂಕು: ತಿಳಿದಿರಬೇಕಾದ ಸಂಗತಿಗಳು

ಮಗುವಿನ ಮೈಮೇಲೆ ನೀರುಗುಳ್ಳೆಗಳು ಎದ್ದರೆ ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಹಾಸಿ ಮಲಗಿಸುವುದು ಉತ್ತರ ಕರ್ನಾಟಕದ ಅನೇಕ ಮನೆಗಳ ರೂಢಿ. ಸಾಮಾನ್ಯವಾಗಿ ಮಗು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆದರೆ ಅದೇ ಮನೆಯಲ್ಲಿ ಗರ್ಭಿಣಿಯೊಬ್ಬರಿದ್ದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಮಕ್ಕಳಲ್ಲಿ ಸೌಮ್ಯವಾಗಿ ಕಾಣಿಸಿಕೊಳ್ಳುವ ಕೆಲವು ವೈರಾಣುಗಳು ಗರ್ಭಸ್ಥ ಶಿಶುವಿಗೆ ಗಂಭೀರ ಹಾನಿ ಉಂಟುಮಾಡಬಲ್ಲವು.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಲ್ಲಿ ಸೋಂಕು ಹರಡಲು ಅವಕಾಶಗಳು ಹಲವು. ಕಬ್ಬು ಕಟಾವಿನ ಹಂಗಾಮಿನಲ್ಲಿ ಕೂಲಿಕಾರ ಕುಟುಂಬಗಳು ಮಕ್ಕಳೊಂದಿಗೆ ಬಂದು ಗುಡಿಸಲುಗಳಲ್ಲಿ ನೆಲೆಸುತ್ತವೆ. ನಿಪ್ಪಾಣಿ ಭಾಗದ ಮಹಿಳೆಯರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬೀಡಿ ಕಟ್ಟುತ್ತಾರೆ. 2019 ಮತ್ತು 2021ರ ಕೃಷ್ಣಾ ಪ್ರವಾಹದಲ್ಲಿ ನದಿತೀರದ ಕುಟುಂಬಗಳು ಪರಿಹಾರ ಕೇಂದ್ರಗಳಲ್ಲಿ ಒಟ್ಟಾಗಿ ತಂಗಬೇಕಾಯಿತು. ಕುಬಸದ ಸಮಾರಂಭ, ಹೆರಿಗೆಗೆಂದು ತವರಿಗೆ ತೆರಳುವ ಪದ್ಧತಿಗಳೂ ಗರ್ಭಿಣಿಯನ್ನು ಹಲವು ಮಕ್ಕಳ ಸಂಪರ್ಕಕ್ಕೆ ತರುತ್ತವೆ.

ರುಬೆಲ್ಲಾ

ಜರ್ಮನ್ ದಡಾರ ಎಂದೂ ಕರೆಯಲಾಗುವ ರುಬೆಲ್ಲಾ ಇವುಗಳಲ್ಲಿ ಅತ್ಯಂತ ಅಪಾಯಕಾರಿ. ಸಣ್ಣ ಜ್ವರ, ತೆಳುವಾದ ಕೆಂಪು ದದ್ದು, ಕಿವಿಯ ಹಿಂದೆ ಗಂಟು ಇದರ ಲಕ್ಷಣಗಳು. ಅನೇಕರಲ್ಲಿ ಯಾವ ಲಕ್ಷಣವೂ ಕಾಣದು. ಗರ್ಭದ ಮೊದಲ 12 ವಾರಗಳಲ್ಲಿ ಸೋಂಕು ತಗಲಿದರೆ ಶಿಶುವಿಗೆ ಹಾನಿಯಾಗುವ ಸಂಭವ ಶೇ. 90ರವರೆಗೂ ಇರುತ್ತದೆ. ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಇದರ ಪರಿಣಾಮಗಳು. ಈ ಸಂಬಂಧವನ್ನು 1941ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ನೇತ್ರತಜ್ಞ ನಾರ್ಮನ್ ಗ್ರೆಗ್.

ಭಾರತದಲ್ಲಿ ದಡಾರ-ರುಬೆಲ್ಲಾ (ಎಂಆರ್) ಲಸಿಕಾ ಅಭಿಯಾನ ಆರಂಭವಾದದ್ದು 2017ರ ಫೆಬ್ರುವರಿಯಲ್ಲಿ, ಬೆಂಗಳೂರಿನಿಂದ. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆ ನೀಡಲಾಯಿತು. ನೆರೆಯ ಮಹಾರಾಷ್ಟ್ರದಲ್ಲಿ ಅಭಿಯಾನ ನಡೆದದ್ದು 2018ರ ನವೆಂಬರಿನಿಂದ. ಹೀಗಾಗಿ 2002ಕ್ಕಿಂತ ಮೊದಲು ಜನಿಸಿದ ಮಹಿಳೆಯರು ಈ ಅಭಿಯಾನದ ವ್ಯಾಪ್ತಿಗೆ ಬಂದಿರಲಿಲ್ಲ. ಅವರಲ್ಲಿ ಅನೇಕರು ಬಾಲ್ಯದಲ್ಲಿ ದಡಾರದ ಲಸಿಕೆಯನ್ನಷ್ಟೇ ಪಡೆದಿದ್ದು, ಅದರಿಂದ ರುಬೆಲ್ಲಾಕ್ಕೆ ರಕ್ಷಣೆ ದೊರೆಯದು. ಸಾಂಗ್ಲಿ, ಕೊಲ್ಹಾಪುರ ಕಡೆಯಿಂದ ಈ ತಾಲ್ಲೂಕುಗಳಿಗೆ ಸೊಸೆಯಾಗಿ ಬಂದವರಿಗೂ ಈ ಮಾತು ಅನ್ವಯಿಸುತ್ತದೆ.

ಚಿಕನ್ ಪಾಕ್ಸ್

ಗುಳ್ಳೆ ಕಾಣಿಸುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆಗಳೂ ಹಕ್ಕುಗಟ್ಟುವವರೆಗೆ ಈ ರೋಗ ಹರಡುತ್ತದೆ. ಬಾಲ್ಯದಲ್ಲಿ ಒಮ್ಮೆ ಬಂದು ಹೋದವರಿಗೆ ಸಾಮಾನ್ಯವಾಗಿ ಭಯವಿಲ್ಲ. ಬಾರದವರಿಗೆ ಗರ್ಭಾವಸ್ಥೆಯಲ್ಲಿ ತಗಲಿದರೆ ತಾಯಿಗೆ ನ್ಯುಮೋನಿಯಾ ಆಗುವ ಅಪಾಯವಿದೆ. ಮೊದಲ 20 ವಾರಗಳಲ್ಲಿ ಸೋಂಕಾದರೆ ಸುಮಾರು ಶೇ. 1ರಿಂದ 2ರಷ್ಟು ಪ್ರಕರಣಗಳಲ್ಲಿ ಶಿಶುವಿನ ಚರ್ಮ, ಕೈಕಾಲು, ಕಣ್ಣುಗಳಲ್ಲಿ ದೋಷ ಉಂಟಾಗಬಹುದು. ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನ ನಂತರದವರೆಗಿನ ಅವಧಿಯಲ್ಲಿ ತಾಯಿಗೆ ಗುಳ್ಳೆ ಕಾಣಿಸಿಕೊಂಡರೆ ನವಜಾತ ಶಿಶುವಿಗೆ ರೋಗ ಉಲ್ಬಣಿಸಬಹುದು.

ರೋಗನಿರೋಧಕ ಶಕ್ತಿ ಇಲ್ಲದ ಗರ್ಭಿಣಿಗೆ ಸಂಪರ್ಕವಾದ 10 ದಿನಗಳೊಳಗೆ ವಿಶೇಷ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ನೀಡಲು ಅವಕಾಶವಿದೆ. ಗುಳ್ಳೆ ಎದ್ದ 24 ಗಂಟೆಗಳೊಳಗೆ ವೈದ್ಯರ ಸಲಹೆಯಂತೆ ಅಸೈಕ್ಲೊವಿರ್ ಆರಂಭಿಸಿದರೆ ಹೆಚ್ಚು ಪ್ರಯೋಜನ. ಆದ್ದರಿಂದ ವಾರಗಟ್ಟಲೆ ಕಾಯುವುದು ಸರಿಯಲ್ಲ.

ಇತರ ಸೋಂಕುಗಳು

ಮಕ್ಕಳ ಕೆನ್ನೆ ಹೊಡೆತ ಬಿದ್ದಂತೆ ಕೆಂಪಾಗುವ ರೋಗಕ್ಕೆ ಪಾರ್ವೊವೈರಸ್ ಬಿ19 ಕಾರಣ. ಇದು ಗರ್ಭಸ್ಥ ಶಿಶುವಿನಲ್ಲಿ ತೀವ್ರ ರಕ್ತಹೀನತೆ ಉಂಟುಮಾಡಬಹುದು. ಲಸಿಕೆ ಇಲ್ಲದಿದ್ದರೂ ಸ್ಕ್ಯಾನಿಂಗ್ ಮೂಲಕ ನಿಗಾ ಇಟ್ಟು, ಅಗತ್ಯ ಬಿದ್ದರೆ ಗರ್ಭದಲ್ಲಿಯೇ ಶಿಶುವಿಗೆ ರಕ್ತ ಪೂರಣ ಮಾಡಲು ಸಾಧ್ಯವಿದೆ. ಸೈಟೊಮೆಗಾಲೊ ವೈರಸ್ ಚಿಕ್ಕ ಮಕ್ಕಳ ಜೊಲ್ಲು ಮತ್ತು ಮೂತ್ರದ ಮೂಲಕ ಹರಡುತ್ತದೆ. ಶಿಶುವಿನ ಶ್ರವಣದೋಷಕ್ಕೆ ಇದು ಪ್ರಮುಖ ಕಾರಣಗಳಲ್ಲೊಂದು. ಈ ಭಾಗದಲ್ಲಿ ಗೊಬ್ಬರ ಎನ್ನಲಾಗುವ ದಡಾರವು ಅಂಗವಿಕಲತೆ ತರುವುದಿಲ್ಲವಾದರೂ ಗರ್ಭಪಾತ ಹಾಗೂ ಅವಧಿಪೂರ್ವ ಹೆರಿಗೆಗೆ ಕಾರಣವಾಗಬಹುದು.

ಸಂಪರ್ಕವಾದಾಗ ಮಾಡಬೇಕಾದುದು

ಯಾವ ದಿನ, ಎಷ್ಟು ಹೊತ್ತು ಸೋಂಕಿತ ಮಗುವಿನೊಂದಿಗೆ ಇದ್ದದ್ದು, ಆಗ ಎಷ್ಟನೆಯ ವಾರ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ಕೂಡಲೇ ತಿಳಿಸಿ, ತಾಯಿ ಕಾರ್ಡಿನೊಂದಿಗೆ ಆಸ್ಪತ್ರೆಗೆ ತೆರಳಬೇಕು. ಮೈಮೇಲೆ ದದ್ದು ಇದ್ದರೆ ಮುಂಚಿತವಾಗಿ ಹೇಳಿ ಹೋಗುವುದರಿಂದ ಅಲ್ಲಿರುವ ಇತರ ಗರ್ಭಿಣಿಯರಿಗೆ ಹರಡುವುದು ತಪ್ಪುತ್ತದೆ. ಸಂಪರ್ಕವಾದ ಕೆಲವೇ ದಿನಗಳಲ್ಲಿ ಮಾಡುವ ಐಜಿಜಿ ರಕ್ತಪರೀಕ್ಷೆಯಿಂದ ಹಿಂದಿನಿಂದಲೇ ರೋಗನಿರೋಧಕ ಶಕ್ತಿ ಇದೆಯೇ ಎಂಬುದು ಗೊತ್ತಾಗುತ್ತದೆ. ಇದ್ದರೆ ಆತಂಕ ಬಹುಮಟ್ಟಿಗೆ ದೂರವಾದಂತೆ. ಸಂಪರ್ಕವಾದ ಮಾತ್ರಕ್ಕೆ ಗರ್ಭ ತೆಗೆಸಲು ಮುಂದಾಗುವುದು ಸಲ್ಲದು.

ಲಸಿಕೆ ಯಾವಾಗ?

ರುಬೆಲ್ಲಾ ಮತ್ತು ಚಿಕನ್ ಪಾಕ್ಸ್ ಲಸಿಕೆಗಳು ಜೀವಂತ ವೈರಾಣುವಿನಿಂದ ತಯಾರಾದವು. ಗರ್ಭಿಣಿಯರಿಗೆ ಇವನ್ನು ಕೊಡುವುದಿಲ್ಲ. ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲು ಅಥವಾ ಹೆರಿಗೆಯ ನಂತರ ಪಡೆಯಬೇಕು. ತಿಳಿಯದೆ ಲಸಿಕೆ ಪಡೆದಿದ್ದರೂ ಗರ್ಭಪಾತಕ್ಕೆ ಅದು ಕಾರಣವಾಗಬೇಕಿಲ್ಲ. ಮನೆಯ ಮಕ್ಕಳಿಗೆ 9–12 ಮತ್ತು 16–24 ತಿಂಗಳಲ್ಲಿ ಎರಡು ಡೋಸ್ ಎಂಆರ್ ಲಸಿಕೆ ಹಾಕಿಸುವುದು ಗರ್ಭಿಣಿಗೂ ರಕ್ಷಣೆ ನೀಡುತ್ತದೆ.

2022ರ ಜನವರಿಯಲ್ಲಿ ಇದೇ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಈ ಲಸಿಕೆ ಪಡೆದ ಮೂರು ಶಿಶುಗಳು ಮೃತಪಟ್ಟಾಗ ಪಾಲಕರಲ್ಲಿ ಸಹಜವಾಗಿಯೇ ಆತಂಕ ಮೂಡಿತ್ತು. ಲಸಿಕೆಯ ನಿರ್ವಹಣೆಯಲ್ಲಿ ನಿರ್ಲಕ್ಷ್ಯವಾಗಿದ್ದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂದಿತ್ತು. ದ್ರಾವಣ ಬೆರೆಸಿದ ನಂತರ ಲಸಿಕೆಯನ್ನು ನಾಲ್ಕು ಗಂಟೆಗಳೊಳಗೆ ಬಳಸಿ, ಉಳಿದುದನ್ನು ಚೆಲ್ಲಬೇಕೆಂಬುದು ನಿಯಮ. ಸೀಸೆ ತೆರೆದ ಸಮಯವನ್ನು ಕೇಳುವ ಹಕ್ಕು ಪಾಲಕರಿಗಿದೆ. ಆದರೆ ಲಸಿಕೆಯನ್ನೇ ನಿರಾಕರಿಸಿದರೆ ಅದರ ಬೆಲೆಯನ್ನು ಹುಟ್ಟಲಿರುವ ಮಗು ತೆರಬೇಕಾದೀತು.

ನಿತ್ಯದ ಎಚ್ಚರಿಕೆ

ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು ಹಾಗೂ ಚಿಕ್ಕ ಮಕ್ಕಳಿರುವ ತಾಯಂದಿರು ಮಗುವಿನ ಮೂಗು ಒರೆಸಿದ, ಬಟ್ಟೆ ಬದಲಿಸಿದ ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು. ಮಗು ತಿಂದುಳಿದ ಎಂಜಲನ್ನು ತಿನ್ನಬಾರದು. ಒಂದೇ ಚಮಚ, ಲೋಟ ಬಳಸಬಾರದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಹಿಂದೆ ಯಾವ ರೋಗ ಬಂದಿತ್ತು, ಯಾವ ಲಸಿಕೆ ಆಗಿದೆ ಎಂಬುದನ್ನು ಅಲ್ಲಿ ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸುವುದು ಒಳಿತು.