ನೋವಿನ ಚೀಟಿಯ ಚರಿತ್ರೆ

ಮಂಡಿನೋವೆಂದು ಆಸ್ಪತ್ರೆಯ ಮೂಳೆ ವಿಭಾಗದ ಹೊರರೋಗಿಗಳ ಸಾಲಿನಲ್ಲಿ ಕಾದು ನಿಂತವರ ಕೈಗೆ ಕೊನೆಗೊಂದು ಚೀಟಿ ಬರುತ್ತದೆ. ಅದರಲ್ಲಿ ನೋವಿಗೊಂದು ಗುಳಿಗೆ. ಅದರ ಬೆನ್ನಿಗೇ, ಅನೇಕ ವೇಳೆ, ಹೊಟ್ಟೆಗೆ ಇನ್ನೊಂದು. ನೋಯುವುದು ಮಂಡಿ, ಹೊಟ್ಟೆಗೇಕೆ ಔಷಧ? ಉತ್ತರ ಚರಿತ್ರೆಯಲ್ಲಿದೆ.

1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್, ವಿಲೋ ಮರದ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯುವುದೆಂದು ರಾಯಲ್ ಸೊಸೈಟಿಗೆ ಬರೆದರು. 1876ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಮೆಕ್ಲಾಗನ್ ಆ ತೊಗಟೆಯ ಸಾರವಾದ ಸ್ಯಾಲಿಸಿನ್ನನ್ನು ಕೀಲುವಾತದವರಿಗೆ ಕೊಟ್ಟು ಗುಣ ಕಂಡರು. ಅದೇ ವಂಶದ ಆಸ್ಪಿರಿನ್ 1899ರಲ್ಲಿ ಜರ್ಮನಿಯಿಂದ ಲೋಕಕ್ಕೆ ಬಂದಿತು. ಗುಣವೇನೋ ಕಂಡಿತು, ಅದರ ಮರ್ಮ ತಿಳಿಯಲು 1971ರವರೆಗೆ ಕಾಯಬೇಕಾಯಿತು. ಶರೀರದಲ್ಲಿ ಪ್ರೋಸ್ಟಗ್ಲಾಂಡಿನ್‌ಗಳು ಹುಟ್ಟದಂತೆ ಈ ಔಷಧ ತಡೆಯುವುದೆಂದು ಜಾನ್ ವೇನ್ ಆ ವರ್ಷ ತೋರಿಸಿಕೊಟ್ಟರು. ಅವೇ ದ್ರವ್ಯಗಳು ಕೀಲಿನಲ್ಲಿ ನೋವು, ಊತಗಳನ್ನು ಹೆಚ್ಚಿಸುತ್ತವೆ. ಜಠರದಲ್ಲಿ ಒಳಪೊರೆಯನ್ನು ಕಾಯುತ್ತವೆ. ಮೂತ್ರಪಿಂಡದ ರಕ್ತಸಂಚಾರಕ್ಕೂ ನೆರವಾಗುತ್ತವೆ. ಕಳ್ಳನನ್ನು ಹಿಡಿಯಹೋದವರು ಕಾವಲುಗಾರನನ್ನೂ ಕಟ್ಟಿಹಾಕಿದಂತಾಯಿತು!

ಹೊಟ್ಟೆಯನ್ನು ನೋಯಿಸದ ನೋವುನಿವಾರಕಕ್ಕಾಗಿ ಹುಡುಕಾಟ ನಡೆಯಿತು. 1999ರಲ್ಲಿ ಬಂದ ರೋಫೆಕಾಕ್ಸಿಬ್ ಆ ಆಸೆಯ ಫಲ. ಆದರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚುವುದು ಕಂಡುಬಂದು 2004ರಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು.

ಔಷಧಗಳು ಹೆಚ್ಚಿದಂತೆ ವಿವೇಕದ ಮಾತೂ ಹುಟ್ಟಿತು. ನಮ್ಮ ದೇಶದಲ್ಲಿ 1975ರ ಹಾಥಿ ಸಮಿತಿಯ ವರದಿ, ವ್ಯಾಪಾರದ ಹೆಸರುಗಳಿಗಿಂತ ಔಷಧದ ಮೂಲನಾಮವೇ ಬಳಕೆಗೆ ಬರಬೇಕೆಂದಿತು. 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಮೊದಲ ಪಟ್ಟಿಯನ್ನು ಪ್ರಕಟಿಸಿತು. 1985ರಲ್ಲಿ ನೈರೋಬಿಯಲ್ಲಿ ಸೇರಿದ ತಜ್ಞರು ವಿಚಾರಪೂರ್ವಕ ಬಳಕೆಯ ಅರ್ಥವನ್ನು ಬಿಡಿಸಿಟ್ಟರು: ರೋಗಕ್ಕೆ ತಕ್ಕ ಔಷಧ, ಆಯಾ ರೋಗಿಗೆ ತಕ್ಕ ಪ್ರಮಾಣ, ತಕ್ಕಷ್ಟು ಕಾಲ, ಅತಿ ಕಡಿಮೆ ವೆಚ್ಚ.

ಈ ಒರೆಗಲ್ಲಿಗೆ ನಮ್ಮ ಚೀಟಿಯನ್ನು ಹಚ್ಚಿ ನೋಡೋಣ. ವೃದ್ಧರಿಗೂ, ಹಿಂದೆ ಹುಣ್ಣಾಗಿದ್ದವರಿಗೂ ಹೊಟ್ಟೆಯ ಗುಳಿಗೆ ರಕ್ಷೆಯೇ ಸರಿ. ಎಲ್ಲರಿಗೂ ಬರೆದರೆ ಅದು ಬರಿಯ ರೂಢಿ. ಒಂದೇ ಜಾತಿಯ ಎರಡು ನೋವುನಿವಾರಕಗಳನ್ನು ಕೂಡಿಸಿದರೆ ಗುಣ ಇಮ್ಮಡಿಯಾಗದು, ಅಪಾಯ ಹೆಚ್ಚೀತು. ದೋಷ ಬರೆಯುವವರದು ಮಾತ್ರವೇ? ಉದ್ದನೆಯ ಚೀಟಿ ಬರೆದವರೇ ಒಳ್ಳೆಯ ವೈದ್ಯರೆಂದು ನಂಬುವವರು ನಾವು. ಐದು ದಿನಕ್ಕೆಂದು ಬರೆದುಕೊಟ್ಟ ಚೀಟಿಯನ್ನು ಐದು ತಿಂಗಳು ಅಂಗಡಿಗೆ ಒಯ್ಯುವವರೂ ನಾವೇ. ಅಷ್ಟರಲ್ಲಿ ಮೂತ್ರಪಿಂಡ ಸದ್ದಿಲ್ಲದೆ ಸೋತಿರಬಹುದು.

ಚೀಟಿ ಕೈಗೆ ಬಂದಾಗ ವಿನಯದಿಂದ ಒಂದು ಮಾತು ಕೇಳಬೇಕು: "ಡಾಕ್ಟರೆ, ಇದನ್ನು ಎಂದು ನಿಲ್ಲಿಸಲಿ?"