ದೀಪ ನಮ್ಮದು, ಗುಂಡಿ ಯಾರದು?

ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಹೊಸ ಮನೆಯ ದೀಪ, ಪಂಪು, ಬಾಗಿಲುಗಳನ್ನೆಲ್ಲ ಗಣಕಯಂತ್ರವೇ ನೋಡಿಕೊಳ್ಳುವಂತೆ ಮಾಡಬೇಕೆಂದಿದ್ದೇನೆ ಎಂದ. ಅವನ ತಾಯಿಗೆ ಎಂಬತ್ತು ದಾಟಿದೆ. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಓಪನ್‌ಹ್ಯಾಬ್, ಹೋಮ್ ಅಸಿಸ್ಟೆಂಟ್ ಎಂಬ ಎರಡು ಮುಕ್ತ ತಂತ್ರಾಂಶಗಳ ನಡುವೆ ಅವನ ಮನಸ್ಸು ತೂಗಾಡುತ್ತಿತ್ತು. ಅಂಗಡಿಯವನಾದರೋ ಎರಡೂ ಬೇಡ, ಕಂಪನಿಯ ಪೆಟ್ಟಿಗೆಯನ್ನೇ ಕೊಳ್ಳಿ ಎಂದನಂತೆ. "ಯಾವುದನ್ನು ಆರಿಸಲಿ ಮೇಷ್ಟ್ರೇ?" ಎಂದ. ಚರಿತ್ರೆಯ ಮೇಷ್ಟ್ರನ್ನು ಕೇಳುವ ಪ್ರಶ್ನೆಯೇ ಇದು ಎಂದು ನಕ್ಕುಬಿಟ್ಟೆ. ಆಮೇಲೆ ಓದುತ್ತ ಹೋದಂತೆ, ಇದು ಚರಿತ್ರೆಯ ಪ್ರಶ್ನೆಯೇ ಎನ್ನಿಸಿತು.

ಮನೆಯನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಹೊಸದಲ್ಲ. 1966ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ಜಿಮ್ ಸದರ್ಲೆಂಡ್ ಅವರು ಮಿಕ್ಕ ಬಿಡಿಭಾಗಗಳಿಂದ ತಮ್ಮ ಮನೆಗೆಂದೇ ಎಕೋ-4 ಎಂಬ ಗಣಕವನ್ನು ಕಟ್ಟಿಕೊಂಡರು. ತೂಕ ಸುಮಾರು 360 ಕಿಲೋ! 1975ರಲ್ಲಿ ಸ್ಕಾಟ್ಲೆಂಡಿನ ಪೀಕೋ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ ಎಕ್ಸ್-10 ಪದ್ಧತಿಯನ್ನು ರೂಪಿಸಿತು. ಗೋಡೆಯೊಳಗಿನ ವಿದ್ಯುತ್ ತಂತಿಯಲ್ಲೇ ಸಂಕೇತ ಹರಿಯುತ್ತಿತ್ತು; 16 ಗುಂಪು, ಗುಂಪಿಗೆ 16ರಂತೆ 256 ವಿಳಾಸಗಳು. ಸಂಕೇತ ಆಗಾಗ ದಾರಿ ತಪ್ಪುತ್ತಿತ್ತು, ನಿಜ. ಆದರೆ ಅಪ್ಪಣೆ ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಮುಗಿಯುತ್ತಿತ್ತು.

ಅಂತರಜಾಲ ಬಂದ ಮೇಲೆ ಈ ಅಪ್ಪಣೆ ದೂರದ ಕಂಪನಿಯ ಸರ್ವರನ್ನು ಮುಟ್ಟಿ ಹಿಂದಿರುಗುವ ರೂಢಿ ಬೆಳೆಯಿತು. ಅಲ್ಲಿಂದಲೇ ತೊಡಕು. ರಿವಾಲ್ವ್ ಎಂಬ ಪೆಟ್ಟಿಗೆಯನ್ನು ಅಮೆರಿಕದಲ್ಲಿ ಜನ 300 ಡಾಲರ್ ತೆತ್ತು ಕೊಂಡಿದ್ದರು. 2014ರಲ್ಲಿ ಆ ಕಂಪನಿಯನ್ನು ನೆಸ್ಟ್ ಖರೀದಿಸಿತು. 2016ರ ಮೇ ತಿಂಗಳಲ್ಲಿ ಸೇವೆಯನ್ನೇ ನಿಲ್ಲಿಸಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಆದರೂ ಕೆಲಸಕ್ಕೆ ಬಾರದಾಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಮೌನವಾದವು. ಅದೇ ಉಪಕರಣಗಳನ್ನು ಮನೆಯೊಳಗಿನ ಹೋಮ್ ಅಸಿಸ್ಟೆಂಟ್‌ಗೆ ನೇರವಾಗಿ ಜೋಡಿಸಿಕೊಂಡಿದ್ದವರ ದೀಪಗಳು ಮಾತ್ರ ಎಂದಿನಂತೆ ಹೇಳಿದ ಮಾತು ಕೇಳಿದವು. ಕಡೆಗೆ ಕೆಲವು ಗ್ರಾಹಕರೇ ಸೇರಿ ಆ ಕಂಪನಿಯನ್ನು ಕೊಂಡು ಉಳಿಸಿದರೆನ್ನುವುದು ಸ್ವಾರಸ್ಯದ ಸಂಗತಿ.

ಹೀಗಾಗಿ ಅಂಗಡಿಯವನ ಸಲಹೆಯನ್ನು ಮೊದಲೇ ಬದಿಗಿಟ್ಟೆ. ಉಳಿದ ಎರಡರಲ್ಲಿ ಓಪನ್‌ಹ್ಯಾಬ್ ಹಿರಿಯದು. ಜರ್ಮನಿಯ ಕಾಯ್ ಕ್ರೂಜರ್ 2010ರಲ್ಲಿ ಅದನ್ನು ಜಾವಾ ಭಾಷೆಯಲ್ಲಿ ಬರೆದರು. ಸೂರ್ಯ ಮುಳುಗಿದೊಡನೆ ತಮ್ಮ ಮನೆಯ ದೀಪ ಹೊತ್ತಬೇಕೆಂದು ಪೌಲಸ್ ಸ್ಕೌಟ್ಸೆನ್ 2013ರಲ್ಲಿ ಪೈಥಾನ್‌ನಲ್ಲಿ ಬರೆದ ಪುಟ್ಟ ಕ್ರಮವಿಧಿಯೇ ಹೋಮ್ ಅಸಿಸ್ಟೆಂಟ್ ಆಗಿ ಬೆಳೆಯಿತು. ಮೊದಲನೆಯದು ವರ್ಷಕ್ಕೆರಡು ಸಲ ಹೊಸ ಆವೃತ್ತಿ ತರುತ್ತದೆ, ಎರಡನೆಯದು ತಿಂಗಳಿಗೊಂದು. ತಿಂಗಳಿಗೊಮ್ಮೆ ಪಠ್ಯಪುಸ್ತಕ ಬದಲಾದರೆ ಮೇಷ್ಟ್ರ ಗತಿಯೇನು! ಆದರೂ ನನ್ನ ಒಲವು ಹೋಮ್ ಅಸಿಸ್ಟೆಂಟ್ ಕಡೆಗೇ ವಾಲಿತು. ಬಳಸುವವರು ಹೆಚ್ಚಾದ್ದರಿಂದ ಕೇಳಿದರೆ ಹೇಳಿಕೊಡುವವರು ಸಿಗುತ್ತಾರೆ. ಅಲ್ಲದೆ 2024ರಲ್ಲಿ ಅದನ್ನು ಸ್ವಿಟ್ಜರ್ಲೆಂಡಿನ ಲಾಭರಹಿತ ಪ್ರತಿಷ್ಠಾನವೊಂದಕ್ಕೆ, ಯಾರಿಗೂ ಮಾರಲಾಗದಂತೆ, ಒಪ್ಪಿಸಲಾಗಿದೆ.

ಕಳೆದ ವಾರ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ತಂತ್ರಾಂಶ ಮುಕ್ತವಾದರೆ ಸಾಲದು. ಬಲ್ಬೇ ತಯಾರಕನ ಸರ್ವರಿಗೆ ಜೋತುಬಿದ್ದಿದ್ದರೆ ಹೋಮ್ ಅಸಿಸ್ಟೆಂಟ್ ಕೂಡ ಅಸಹಾಯಕ. ಅಂಗಡಿಯಲ್ಲಿ ಅಂತರಜಾಲದ ತಂತಿಯನ್ನು ಕೀಳಿಸಿ, ದೀಪ ಹೊತ್ತಿದರೆ ಮಾತ್ರ ಹಣ ಕೊಡು ಎಂದೆ. ಗೋಡೆಯ ಸ್ವಿಚ್ಚುಗಳನ್ನು ಮಾತ್ರ ತೆಗೆಸಬೇಡ ಎಂದೂ ಸೇರಿಸಿದೆ.

"ಅಮ್ಮನೂ ಅದನ್ನೇ ಹೇಳಿದರು ಮೇಷ್ಟ್ರೇ" ಎಂದ.