ಮೂರು ವರ್ಷದೊಳಗಿನ ಮಗು ಮತ್ತು ಕೂಲಿಯ ವೇಳೆ: ಸವಣೂರು ಸೀಮೆಯಿಂದ ಕಂಡಂತೆ ಶಿಶು ವಿಕಾಸದ ಪ್ರಯೋಗಗಳು

ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು, ಗೋವಿನಜೋಳದ ತೆನೆ ಮುರಿಯಲು ಹೆಣ್ಣಾಳುಗಳು ಟಂಟಂ ಏರಿ ಹೊರಡುತ್ತಾರೆ. ಎಷ್ಟೋ ಸಲ ಅಂಗನವಾಡಿಯ ಬಾಗಿಲು ತೆರೆಯುವ ಮೊದಲೇ. ಮೂರು ದಾಟಿದ ಮಗು ಅಂಗನವಾಡಿ ಸೇರುತ್ತದೆ. ಅದಕ್ಕಿಂತ ಚಿಕ್ಕದು ಅಜ್ಜಿಯ ಮಡಿಲಲ್ಲೋ, ಅಕ್ಕನ ಸೊಂಟದ ಮೇಲೋ, ಹೊಲದ ಬದುವಿನ ಮರಕ್ಕೆ ಕಟ್ಟಿದ ಜೋಲಿಯಲ್ಲೋ ಹೊತ್ತು ಕಳೆಯುತ್ತದೆ. ಶಿಶು ವಿಕಾಸದ ಬಗ್ಗೆ ಹೊರದೇಶಗಳಲ್ಲಿ ನಡೆದ ಪ್ರಯೋಗಗಳು ಹೆಚ್ಚಾಗಿ ಬೊಟ್ಟು ಮಾಡುವುದು ಈ ವಯಸ್ಸಿನತ್ತಲೇ. ನಮ್ಮ ವ್ಯವಸ್ಥೆ ತೀರ ತೆಳುವಾಗಿರುವುದೂ ಇಲ್ಲಿಯೇ ಎಂಬುದು ಈ ಲೇಖನದ ವಾದ.

ಈ ಸೀಮೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಬಾಲಶಿಕ್ಷಣದ ಮೊದಲ ದೇಶೀ ಪ್ರಯೋಗಗಳು ನಡೆದದ್ದೂ ಪಶ್ಚಿಮ ಭಾರತದಲ್ಲಿ. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ತಾರಾಬಾಯಿ ಮೋಡಕ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿಗೆ ಬಂದು, ಅನುತಾಯಿ ವಾಘ್ ಅವರೊಡನೆ ಶಾಲೆಯನ್ನೇ ಬಡವರ ಅಂಗಳಕ್ಕೆ ಒಯ್ದರು. ಮಗು ಬಾರದಿದ್ದರೆ ಶಾಲೆ ಹೋಗಬೇಕೆಂಬ ಈ ಪಾಠ, ಸರ್ಕಾರಿ ಯೋಜನೆಯ ಕೈಗೆ ಬಂದಾಗ ಒಂದು ಕೋಣೆಯೊಳಗೆ ಕುಳಿತುಬಿಟ್ಟಿತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ. ಸೇವೆಗಳು ಆರು; ಪ್ರತಿ ಅಂಗನವಾಡಿಯಲ್ಲಿ ಅವನ್ನು ನಡೆಸುವವರು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ.

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು 1986-87ರಲ್ಲಿ ಆರಂಭಿಸಿದ ಅಧ್ಯಯನವನ್ನು, ಮೂರರೊಳಗಿನ ಮಗುವಿಗೆ ಮನೆಯಲ್ಲೇ ಏನು ಮಾಡಬಹುದೆಂದು ತಿಳಿಯಲು, ಇಲ್ಲಿ ತುಸು ವಿವರವಾಗಿ ನೋಡಬೇಕು. ಅವರು ಆರಿಸಿದ್ದು 9ರಿಂದ 24 ತಿಂಗಳ, ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು. ಕೆಲವರಿಗೆ ಹಾಲಿನ ಪೂರಕ ಆಹಾರ, ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಸಹಾಯಕಿ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನೊಡನೆ ಆಡುವುದನ್ನು ತಾಯಿಗೆ ಕಲಿಸುವುದು, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ಹೀಗೆ ಎರಡು ವರ್ಷ ನಡೆಯಿತು. ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ, ಆಟ-ಮಾತು ದೊರೆತವರ ಗಳಿಕೆ ದೊರೆಯದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಆಹಾರವೊಂದರಿಂದಲೇ ಅಂಥ ದೀರ್ಘ ಫಲ ಕಾಣಲಿಲ್ಲ.

ಹಾಗಾದರೆ ಅನ್ನಕ್ಕೆ ಬೆಲೆಯಿಲ್ಲವೆ? ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ನಡೆದ ಪ್ರಯೋಗ ಈ ಅವಸರದ ತೀರ್ಮಾನವನ್ನು ತಡೆಯುತ್ತದೆ. ಎರಡು ಹಳ್ಳಿಗಳಲ್ಲಿ ‘ಅತೋಲೆ’ ಎಂಬ ಪ್ರೋಟೀನಿನ ಗಂಜಿ, ಇನ್ನೆರಡರಲ್ಲಿ ಪ್ರೋಟೀನಿಲ್ಲದ ಪಾನೀಯ ಕೊಟ್ಟರು. ಮೊದಲ ಎರಡು ವರ್ಷ ಆ ಗಂಜಿ ಸಿಕ್ಕ ಗಂಡುಮಕ್ಕಳು ದೊಡ್ಡವರಾದಾಗ ಅವರ ಗಂಟೆಯ ಕೂಲಿ ಸರಾಸರಿ ಶೇ. 46ರಷ್ಟು ಹೆಚ್ಚಿತ್ತು, ಮೂರು ವರ್ಷದ ನಂತರ ಸಿಕ್ಕವರಲ್ಲಿ ಅಂಥ ಪರಿಣಾಮ ಇರಲಿಲ್ಲ. (ಹೆಂಗಸರ ಕೂಲಿಯಲ್ಲಿ ಆ ಏರಿಕೆ ಕಾಣಲಿಲ್ಲ. ಇದು ಗಂಜಿಯ ದೋಷವಲ್ಲ, ಕೂಲಿ ಪೇಟೆಯದ್ದು ಎಂದು ನನ್ನ ಅನುಮಾನ.) ಎರಡೂ ಪ್ರಯೋಗಗಳು ಅನ್ನ, ಆಟಗಳ ವಿಷಯದಲ್ಲಿ ಬೇರೆ ಮಾತಾಡಿದರೂ ವಯಸ್ಸಿನ ವಿಷಯದಲ್ಲಿ ಒಂದೇ ಕಡೆ ಬಂದು ನಿಲ್ಲುತ್ತವೆ.

ನಮ್ಮಲ್ಲಿ ಮೂರರೊಳಗಿನ ಮಗುವಿಗೆ ಮುಖ್ಯವಾಗಿ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಅದನ್ನು ಮನೆಮಂದಿ ಹಂಚಿಕೊಳ್ಳುವುದುಂಟು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣ 2015-16ರಲ್ಲಿ ಶೇ. 36.2 ಇದ್ದದ್ದು 2019-21ರಲ್ಲಿ ಶೇ. 35.4ಕ್ಕೆ ಇಳಿಯಿತು, ಇಳಿಯಿತು ಎನ್ನಲೂ ಸಂಕೋಚವಾಗುತ್ತದೆ. ಮನೆಭೇಟಿ ಕಾರ್ಯಕರ್ತೆಯ ಕರ್ತವ್ಯಗಳ ಪಟ್ಟಿಯಲ್ಲಿದೆ, ನಿಜ. ಆದರೆ ಊರವರು ಅಕ್ಕೋರು ಎನ್ನುವ ಈ ಕಾರ್ಯಕರ್ತೆಯ ದಿನದಲ್ಲಿ ಗರ್ಭಿಣಿ-ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟ, ಮಕ್ಕಳ ತೂಕ-ಎತ್ತರ, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲೆ, ಚುನಾವಣೆ ಬಂದರೆ ಮತದಾರರ ಪಟ್ಟಿ, ಇಷ್ಟೂ ತುಂಬಿರುತ್ತವೆ. ತಮಿಳುನಾಡಿನ 320 ಕೇಂದ್ರಗಳನ್ನು ಒಳಗೊಂಡ ಪ್ರಯೋಗದಲ್ಲಿ, ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟದ್ದಕ್ಕೆ ಕಲಿಕೆಯ ಹೊತ್ತು ಎರಡುಪಟ್ಟಾಯಿತು, ಗಣಿತ-ಭಾಷೆ ಸುಧಾರಿಸಿದವು, ತೀವ್ರ ಅಪೌಷ್ಟಿಕತೆಯೂ ತಗ್ಗಿತು. ಕೈಪಿಡಿಗಳನ್ನು ಬದಲಿಸುವುದಕ್ಕಿಂತ ಕೈಗಳನ್ನು ಹೆಚ್ಚಿಸುವುದೇ ಮೇಲೆಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಕೂಲಿಯ ವೇಳೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡ ಯೋಜನೆಯೆಂದರೆ ತಾಯಿ ಕೆಲಸಕ್ಕೆ ಹೋದಾಗ ಕೂಸುಗಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’. ರಾಜ್ಯದ 2023-24ರ ಆಯವ್ಯಯದಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ಇದನ್ನು ಘೋಷಿಸಲಾಯಿತು. ಕೂಸುಗಳನ್ನು ನೋಡಿಕೊಳ್ಳುವವರೂ ಉದ್ಯೋಗ ಚೀಟಿ ಹೊಂದಿದ ಊರಿನ ಹೆಂಗಸರೇ. ಆದರೆ ಇದು ರೂಪುಗೊಂಡದ್ದು ಉದ್ಯೋಗ ಖಾತರಿ ಯೋಜನೆಯ (ನರೇಗಾ) ಕೂಲಿಕಾರರನ್ನು ಮುಂದಿಟ್ಟುಕೊಂಡು. ಸವಣೂರು ಸೀಮೆಯ ತಾಯಿಗೆ ಕೂಸನ್ನು ಬಿಡಲು ಜಾಗ ತೀರ ಬೇಕಾಗುವುದು ಖಾಸಗಿ ಹೊಲದ ಸುಗ್ಗಿಯಲ್ಲಿ. ನರೇಗಾ ಕೆಲಸದ ಪಂಚಾಂಗವೂ ಸುಗ್ಗಿಯ ಪಂಚಾಂಗವೂ ಹೊಂದುವುದಿಲ್ಲ.

ಇನ್ನು ಮಾತಿನ ಪ್ರಶ್ನೆ. ಸವಣೂರು ಪಟ್ಟಣದ ಎಷ್ಟೋ ಮನೆಗಳಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ತಾಯಿ ಮಗುವಿನೊಡನೆ ಆಡುವ ಮಾತೇ ಔಷಧವಾಗಿರುವಾಗ ಅದನ್ನು ಕನ್ನಡದ ಪಾಠವಾಗಿ ಒಯ್ದರೆ ಫಲ ಕಡಿಮೆ. ಒಡಿಶಾದಲ್ಲಿ ಜಮೈಕಾ ಮಾದರಿಯನ್ನು ಪರೀಕ್ಷಿಸಿದಾಗ ಮನೆಭೇಟಿಯಷ್ಟೇ ತಾಯಂದಿರ ವಾರದ ಗುಂಪು ಕೂಟವೂ ಮಕ್ಕಳ ಬುದ್ಧಿ ಬೆಳವಣಿಗೆಗೆ ನೆರವಾಯಿತು, ಖರ್ಚಂತೂ ಬಹಳ ಕಡಿಮೆ. ಓಣಿಗೊಂದು ಕೂಟ, ಅದನ್ನು ನಡೆಸಲು ಅದೇ ಓಣಿಯ ಮಾತು ಬಲ್ಲ ಹೆಂಗಸು: ಇದು ಇಲ್ಲಿ ಸಾಧ್ಯ. ವೇಳೆಯನ್ನು ಇಲಾಖೆ ಗೊತ್ತುಮಾಡುವ ಬದಲು ಸಂತೆಯ ದಿನ, ಬಟವಾಡೆ ಮುಗಿದ ಸಂಜೆಗೆ ಇಟ್ಟು ಒಂದು ಸುಗ್ಗಿ ಪೂರ್ತಿ ಪರೀಕ್ಷಿಸಿ ನೋಡಬಹುದು.